ಮುದ್ದೆಮಾಲಿನ ಸಾಕ್ಷ್ಯ: ಮಾದಕ ವಸ್ತುಗಳ ಮೊಕದ್ದಮೆಗಳಲ್ಲಿ ಶಿಕ್ಷೆಯನ್ನು ಪ್ರಶ್ನಿಸುವ ಬಗೆ

ಕೊಲೆಯ ಮೊಕದ್ದಮೆಯಲ್ಲಿ ಸತ್ತವನ ದೇಹವಿರುತ್ತದೆ. ಕಳವಿನ ಮೊಕದ್ದಮೆಯಲ್ಲಿ ಮಾಲನ್ನು ಕಳೆದುಕೊಂಡವನು ನ್ಯಾಯಾಸ್ಥಾನಕ್ಕೆ ಬಂದು ‘ಇದು ನನ್ನದು’ ಎಂದು ಗುರುತಿಸುತ್ತಾನೆ. ಮಾದಕ ವಸ್ತುವನ್ನು ವಶದಲ್ಲಿಟ್ಟುಕೊಂಡ ಅಪರಾಧದಲ್ಲಿ ಇಂತಹ ಫಿರ್ಯಾದಿಯು ಯಾವನೂ ಇರುವುದಿಲ್ಲ. ಇರುವುದು ಒಂದು ಪೊಟ್ಟಣ. ಅದು ಇಂಥವನ ಬಳಿ ಇಂಥ ವೇಳೆಯಲ್ಲಿ ದೊರೆಯಿತೆಂದು ಹೇಳುವ ಒಬ್ಬ ಅಧಿಕಾರಿ. ಅದರಲ್ಲಿರುವುದು ಇಂಥ ವಸ್ತುವೆಂದು ಬರೆದುಕೊಟ್ಟ ಒಬ್ಬ ರಾಸಾಯನಿಕ ಪರೀಕ್ಷಕ. ಈ ಮೂರರ ನಡುವಣ ಕೊಂಡಿಗಳು ಬಿಗಿಯಾಗಿದ್ದರೆ ಆಪಾದಿತನಿಗೆ ಬಿಡುಗಡೆಯ ದಾರಿ ಬಲು ಇಕ್ಕಟ್ಟಾದುದು. ಒಂದು ಕೊಂಡಿ ಕಳಚಿದರೆ ಮೊಕದ್ದಮೆಯೇ ಕುಸಿಯಬಹುದು. ಕೆಳಗಿನ ನ್ಯಾಯಾಲಯವು ವಿಧಿಸಿದ ಶಿಕ್ಷೆಯನ್ನು ಮೇಲ್ಮನವಿಯಲ್ಲಿ ಪ್ರಶ್ನಿಸುವವರು ಈ ಕೊಂಡಿಗಳನ್ನು ಹೇಗೆ ಪರೀಕ್ಷಿಸುತ್ತಾರೆ, ಸರ್ವೋಚ್ಚ ನ್ಯಾಯಾಲಯವು ಯಾವ ಲೋಪವನ್ನು ದೊಡ್ಡದೆಂದೂ ಯಾವುದನ್ನು ಕ್ಷುಲ್ಲಕವೆಂದೂ ಎಣಿಸಿದೆ ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ನಮ್ಮ ದೇಶದಲ್ಲಿ ಈ ವಿಷಯಕ್ಕೆ ಆಧಾರವಾದುದು ೧೯೮೫ರ ಮಾದಕ ದ್ರವ್ಯಗಳು ಮತ್ತು ಮನೋಪರಿಣಾಮಕ ವಸ್ತುಗಳ ಅಧಿನಿಯಮ. ಇದರ ಶಿಕ್ಷೆಗಳು ಕಠಿಣವಾದುವು. ೨೦೦೧ರ ತಿದ್ದುಪಡಿಯಿಂದ ಮಾಲಿನ ಪ್ರಮಾಣಕ್ಕೆ ತಕ್ಕಂತೆ ಶಿಕ್ಷೆಯ ಮೂರು ಮೆಟ್ಟಿಲುಗಳು ಏರ್ಪಟ್ಟವು. ಹೆರಾಯಿನ್ ೫ ಗ್ರಾಮಿನವರೆಗೆ ‘ಅಲ್ಪ ಪ್ರಮಾಣ’, ೨೫೦ ಗ್ರಾಮನ್ನು ಮೀರಿದರೆ ‘ವಾಣಿಜ್ಯ ಪ್ರಮಾಣ’. ಗಾಂಜಾಕ್ಕೆ ಈ ಎಲ್ಲೆಗಳು ೧ ಕಿಲೋಗ್ರಾಂ ಮತ್ತು ೨೦ ಕಿಲೋಗ್ರಾಂ. ಚರಸ್ಸಿಗೆ ೧೦೦ ಗ್ರಾಂ ಮತ್ತು ೧ ಕಿಲೋಗ್ರಾಂ. ವಾಣಿಜ್ಯ ಪ್ರಮಾಣವಾದರೆ ಹತ್ತು ವರ್ಷಕ್ಕೆ ಕಡಿಮೆಯಿಲ್ಲದ, ಇಪ್ಪತ್ತು ವರ್ಷದವರೆಗೂ ಹೋಗಬಹುದಾದ ಕಠಿಣ ಸಜೆ, ಮೇಲೆ ಒಂದು ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ದಂಡ. ನ್ಯಾಯಾಧೀಶನು ಕನಿಕರಪಟ್ಟರೂ ಹತ್ತು ವರ್ಷಕ್ಕಿಂತ ಕೆಳಗಿಳಿಯುವಂತಿಲ್ಲ. ಜಾಮೀನಿನ ದಾರಿಯನ್ನು ೩೭ನೆಯ ಕಲಮು ಬಹುಮಟ್ಟಿಗೆ ಮುಚ್ಚಿದೆ. ಇಷ್ಟೂ ಸಾಲದೆಂಬಂತೆ, ವಸ್ತುವು ಆಪಾದಿತನ ವಶದಲ್ಲಿತ್ತೆಂದು ರುಜುವಾತಾದರೆ ಅವನೇ ಅಪರಾಧಿಯೆಂದು ಭಾವಿಸಲು ೫೪ನೆಯ ಕಲಮೂ, ಅವನ ಮನಸ್ಸಿನಲ್ಲಿ ಅಪರಾಧದ ಅರಿವಿತ್ತೆಂದು ಭಾವಿಸಲು ೩೫ನೆಯ ಕಲಮೂ ಅವಕಾಶ ಕೊಡುತ್ತವೆ.

ಹೊರೆಯನ್ನು ಆಪಾದಿತನ ತಲೆಗೆ ಕಟ್ಟುವ ಈ ಎರಡು ಕಲಮುಗಳು ಸಂವಿಧಾನಕ್ಕೆ ವಿರುದ್ಧವಲ್ಲವೆ ಎಂಬ ಪ್ರಶ್ನೆ ೨೦೦೮ರಲ್ಲಿ ನೂರ್ ಆಗಾ ಎಂಬ ಹೆಸರಿನಿಂದ ಪ್ರಸಿದ್ಧವಾದ ಮೊಕದ್ದಮೆಯಲ್ಲಿ ತೀರ್ಮಾನವಾಯಿತು. ೧೯೯೭ರ ಆಗಸ್ಟಿನಲ್ಲಿ ಅಮೃತಸರದ ವಿಮಾನ ನಿಲ್ದಾಣದಲ್ಲಿ ಆಫ್ಘನ್ ಪ್ರಜೆಯೊಬ್ಬನ ದ್ರಾಕ್ಷಿಯ ಪೆಟ್ಟಿಗೆಯೊಳಗೆ ೧ ಕಿಲೋ ೪೦೦ ಗ್ರಾಂ ಹೆರಾಯಿನ್ ಅಡಗಿತ್ತೆಂಬುದು ಆಪಾದನೆ. ಕಲಮುಗಳು ಊರ್ಜಿತವೆಂದೇ ನ್ಯಾಯಾಲಯವು ಹೇಳಿತು. ಆದರೆ ಕೂಡಲೆ ಒಂದು ಮಾತನ್ನು ಸೇರಿಸಿತು: ಮೂಲ ಸಂಗತಿಗಳನ್ನು, ಎಂದರೆ ಈ ವಸ್ತು ಇವನ ಬಳಿ ದೊರೆಯಿತು, ಅದೇ ವಸ್ತು ಪರೀಕ್ಷೆಗೆ ಹೋಯಿತು ಎಂಬುದನ್ನು, ಸರ್ಕಾರವೇ ಸಂಶಯಕ್ಕೆಡೆಯಿಲ್ಲದಂತೆ ತೋರಿಸಿಕೊಡಬೇಕು, ಆ ಬಳಿಕವೇ ಹೊರೆಯು ಆಪಾದಿತನ ಕಡೆಗೆ ಸರಿಯುತ್ತದೆ, ಶಿಕ್ಷೆ ಹೆಚ್ಚಾದಷ್ಟೂ ರುಜುವಾತು ಬಿಗಿಯಾಗಿರಬೇಕು. ಜಪ್ತಿಯಾದ ಮಾಲಿನ ಮುಖ್ಯ ಭಾಗವು ನ್ಯಾಯಾಲಯಕ್ಕೆ ಬಂದೇ ಇರಲಿಲ್ಲ. ಮಾದರಿಯನ್ನು ಕುರಿತ ಕಾಗದಗಳು ಒಂದಕ್ಕೊಂದು ಹೊಂದಲಿಲ್ಲ. ಆಪಾದಿತನು ಬಿಡುಗಡೆ ಹೊಂದಿದನು. ಈಚಿನ ಮೇಲ್ಮನವಿಗಳಲ್ಲೆಲ್ಲ ವಕೀಲರು ಮೊದಲು ತೆರೆಯುವ ಬಾಗಿಲು ಇದೇ ತೀರ್ಪು.

ಇಲ್ಲಿ ಪದಗಳನ್ನು ಕುರಿತು ಒಂದು ಮಾತು. ಜಪ್ತಿಯ ಸ್ಥಳದಲ್ಲಿ ಬರೆಯುವ ಕಾಗದಕ್ಕೆ ಹಳೆಯ ಮೈಸೂರಿನವರು ‘ಮಹಜರು’ ಎನ್ನುತ್ತಾರೆ; ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕನ್ನಡ ಜಿಲ್ಲೆಗಳವರೂ ಮುಂಬಯಿಯ ಕನ್ನಡಿಗರೂ ‘ಪಂಚನಾಮೆ’ ಎನ್ನುತ್ತಾರೆ. ಪಂಚರ ಎದುರಿನಲ್ಲಿ ಬರೆದುದು ಎಂಬ ಅರ್ಥ ಈ ಎರಡನೆಯ ಮಾತಿನಲ್ಲಿಯೇ ಇದೆ. ಊರಿನ ಇಬ್ಬರು ಗೌರವಸ್ಥರು ಕಣ್ಣಾರೆ ಕಂಡರು ಎಂಬುದೇ ಆ ಕಾಗದದ ಬೆಲೆ. ಆ ಪಂಚರು ಎಲ್ಲ ದಾಳಿಗಳಲ್ಲಿಯೂ ಸಹಿ ಹಾಕುವ ಠಾಣೆಯ ಪರಿಚಿತರಾದಾಗ, ಇಲ್ಲವೆ ನ್ಯಾಯಾಲಯಕ್ಕೆ ಬಂದು ‘ಬರೆದ ಕಾಗದಕ್ಕೆ ರುಜು ಮಾಡಿದೆ, ಮತ್ತೇನನ್ನೂ ನೋಡಲಿಲ್ಲ’ ಎಂದಾಗ, ಪಂಚನಾಮೆಯಲ್ಲಿ ಪಂಚರೇ ಇಲ್ಲದಂತಾಗುತ್ತದೆ. ಹಾಗಾದ ಮಾತ್ರಕ್ಕೆ ಮೊಕದ್ದಮೆ ಬೀಳುವುದಿಲ್ಲವೆಂಬುದನ್ನೂ ಹೇಳಬೇಕು. ಅಧಿಕಾರಿಯೊಬ್ಬನ ಸಾಕ್ಷ್ಯವೇ ನಂಬಿಕೆಗೆ ಅರ್ಹವೆಂದು ತೋರಿದರೆ ಅದರ ಮೇಲೆಯೇ ಶಿಕ್ಷೆ ವಿಧಿಸಬಹುದು. ಪಂಚರು ತಿರುಗಿಬಿದ್ದಾಗ ಉಳಿದ ಕಾಗದಗಳ ಭಾರ ಮಾತ್ರ ಹೆಚ್ಚುತ್ತದೆ. ೨೦೦೪ರಲ್ಲಿ ವರದಿಯಾದ, ಮಧ್ಯಪ್ರದೇಶದಿಂದ ಬಂದ ಒಂದು ಮೊಕದ್ದಮೆಯಲ್ಲಿ ಪಂಚರು ತಿರುಗಿಬಿದ್ದಿದ್ದರು. ಜಪ್ತಿಯಾಯಿತೆಂದ ಚರಸ್ಸು ಮತ್ತು ಗಾಂಜಾವನ್ನು ನ್ಯಾಯಾಲಯದಲ್ಲಿ ಹಾಜರುಪಡಿಸಲೂ ಇಲ್ಲ. ಬಾಯಿಮಾತು ಮತ್ತು ಪಂಚನಾಮೆ ಇವೆರಡೇ ಸಾಲವೆಂದು ಸರ್ವೋಚ್ಚ ನ್ಯಾಯಾಲಯವು ಶಿಕ್ಷೆಯನ್ನು ತಳ್ಳಿಹಾಕಿತು.

ಇನ್ನು ಪೊಟ್ಟಣದ ಪ್ರಯಾಣವನ್ನು ಮೊದಲಿನಿಂದ ಹಿಡಿಯೋಣ. ಗುಪ್ತ ಸುದ್ದಿ ಬಂದೊಡನೆ ಅಧಿಕಾರಿಯು ಅದನ್ನು ಬರೆದುಕೊಂಡು ೭೨ ಗಂಟೆಗಳೊಳಗೆ ತನ್ನ ಮೇಲಧಿಕಾರಿಗೆ ಪ್ರತಿಯನ್ನು ಕಳುಹಿಸಬೇಕೆಂದು ೪೨ನೆಯ ಕಲಮು ಹೇಳುತ್ತದೆ. ಸೂರ್ಯಾಸ್ತದಿಂದ ಸೂರ್ಯೋದಯದೊಳಗೆ ಮನೆ ಹೊಗುವುದಾದರೆ, ವಾರಂಟಿಗಾಗಿ ಕಾಯಲು ಏಕೆ ಸಾಧ್ಯವಾಗಲಿಲ್ಲವೆಂಬುದನ್ನೂ ಬರೆದಿಡಬೇಕು. ಇದನ್ನು ಸಂಪೂರ್ಣವಾಗಿ ಕಡೆಗಣಿಸುವುದು ಸಲ್ಲದು, ತಡವಾಗಿ ಪಾಲಿಸಿದ್ದಕ್ಕೆ ತೃಪ್ತಿಕರವಾದ ಸಮಾಧಾನವಿದ್ದರೆ ಒಪ್ಪಬಹುದು ಎಂದು ೨೦೦೯ರಲ್ಲಿ ಐವರು ನ್ಯಾಯಮೂರ್ತಿಗಳ ಪೀಠವು ನಿರ್ಣಯಿಸಿತು. ರಸ್ತೆ, ನಿಲ್ದಾಣ ಮೊದಲಾದ ಸಾರ್ವಜನಿಕ ಸ್ಥಳಗಳಿಗೆ ಅನ್ವಯಿಸುವುದು ೪೩ನೆಯ ಕಲಮು. ಅಲ್ಲಿ ಈ ಕಟ್ಟುಪಾಡಿಲ್ಲ. ಮನೆಯೋ ಬೀದಿಯೋ ಎಂಬ ಪ್ರಶ್ನೆಯ ಮೇಲೆಯೇ ವಾದವೆಲ್ಲ ನಿಂತುಬಿಡುವುದುಂಟು.

ಅತಿ ಹೆಚ್ಚು ಚರ್ಚೆಗೆ ಒಳಗಾದುದು ೫೦ನೆಯ ಕಲಮು. ಮೈ ಝಡತಿಗೆ ಮುನ್ನ ಆ ವ್ಯಕ್ತಿಗೆ, ‘ನಿನಗೆ ಬೇಕಾದರೆ ಹತ್ತಿರದ ಗೆಜೆಟೆಡ್ ಅಧಿಕಾರಿಯ ಇಲ್ಲವೆ ಮ್ಯಾಜಿಸ್ಟ್ರೇಟರ ಎದುರಿನಲ್ಲಿ ಝಡತಿ ಮಾಡಿಸಿಕೊಳ್ಳುವ ಹಕ್ಕಿದೆ’ ಎಂದು ತಿಳಿಸಬೇಕು. ತಿಳಿಸದೆ ಹೋದರೆ ಏನು? ೧೯೯೯ರ ಬಲದೇವ್ ಸಿಂಗ್ ಮೊಕದ್ದಮೆಯಲ್ಲಿ ಐವರ ಪೀಠವು ಇದಕ್ಕೆ ಕೊಟ್ಟ ಉತ್ತರ ಸೂಕ್ಷ್ಮವಾದುದು: ವಿಚಾರಣೆಯೇ ರದ್ದಾಗುವುದಿಲ್ಲ, ಆದರೆ ಹಾಗೆ ಮೈಮೇಲೆ ದೊರೆತ ವಸ್ತುವೊಂದನ್ನೇ ಆಧಾರವಾಗಿಟ್ಟುಕೊಂಡು ವಿಧಿಸಿದ ಶಿಕ್ಷೆ ನಿಲ್ಲಲಾರದು. ‘ಹೆಚ್ಚುಕಡಿಮೆ ಪಾಲಿಸಿದ್ದೇವೆ’ ಎಂಬ ಸಮರ್ಥನೆಯೂ ಸಾಲದೆಂದು ೨೦೧೦ರಲ್ಲಿ ಇನ್ನೊಂದು ಐವರ ಪೀಠವು ಗುಜರಾತಿನ ಮೊಕದ್ದಮೆಯಲ್ಲಿ ಖಚಿತಪಡಿಸಿತು. ೨೦೧೪ರ ರಾಜಸ್ಥಾನದ ಮೊಕದ್ದಮೆಯಲ್ಲಿ ಇಬ್ಬರು ಆಪಾದಿತರಿಗೆ ಒಂದೇ ಕಾಗದವನ್ನು ಕೊಟ್ಟು ಒಬ್ಬನ ಸಹಿಯನ್ನು ಇಬ್ಬರ ಪರವಾಗಿ ಪಡೆದಿದ್ದರು. ಹಕ್ಕು ಒಬ್ಬೊಬ್ಬನದು, ಪ್ರತ್ಯೇಕವಾಗಿ ತಿಳಿಸಬೇಕಾದುದು ಎಂದು ನ್ಯಾಯಾಲಯವು ಹೇಳಿತು. ಅಲ್ಲಿಯೇ ಅಧಿಕಾರಿಯು, ದಾಳಿಯ ತಂಡದಲ್ಲಿದ್ದ ಸೂಪರಿಂಟೆಂಡೆಂಟರ ಎದುರಿನಲ್ಲಿಯೂ ಝಡತಿ ಮಾಡಿಸಿಕೊಳ್ಳಬಹುದು ಎಂಬ ಮೂರನೆಯ ಆಯ್ಕೆಯನ್ನು ತಾನಾಗಿ ಸೇರಿಸಿದ್ದನು, ಅದೂ ತಪ್ಪೆನಿಸಿತು. ಆದರೆ ಈ ರಕ್ಷಣೆ ಮೈಗೆ ಮಾತ್ರ. ಹೆಗಲಿನ ಚೀಲ, ಕೈಯ ಪೆಟ್ಟಿಗೆ, ವಾಹನ ಇವು ‘ವ್ಯಕ್ತಿ’ ಎನಿಸುವುದಿಲ್ಲವೆಂದು ೨೦೦೫ರಲ್ಲಿಯೇ ತೀರ್ಮಾನವಾಗಿದೆ. ಮಾಲು ದೊರೆತದ್ದು ಜೇಬಿನಲ್ಲೋ ಚೀಲದಲ್ಲೋ ಎಂಬುದನ್ನು ಗಮನಿಸದೆ ೫೦ನೆಯ ಕಲಮಿನ ಮೇಲೆಯೇ ಪುಟಗಟ್ಟಲೆ ವಾದಿಸಿ ಸೋತ ಮೇಲ್ಮನವಿಗಳು ಅನೇಕ.

ಪರನಾಡಿನಲ್ಲಿರುವ ಕನ್ನಡಿಗರು ಗಮನಿಸತಕ್ಕ ಒಂದು ಅಂಶ ಇಲ್ಲಿದೆ. ಹಕ್ಕನ್ನು ತಿಳಿಸುವುದೆಂದರೆ ಕೇಳುವವನಿಗೆ ಅರ್ಥವಾಗುವ ಮಾತಿನಲ್ಲಿ ತಿಳಿಸುವುದು. ರಾಯಚೂರಿನಿಂದಲೋ ಕಲಬುರ್ಗಿಯಿಂದಲೋ ಕೂಲಿಗೆಂದು ಮುಂಬಯಿಗೆ ಬಂದವನೊಬ್ಬನ ಹೆಬ್ಬೆಟ್ಟು ಮರಾಠಿಯ ಕಾಗದದ ಕೆಳಗೆ ಇದ್ದರೆ, ಅದನ್ನು ಯಾರು ಓದಿ ಹೇಳಿದರು, ಯಾವ ಭಾಷೆಯಲ್ಲಿ ಹೇಳಿದರು ಎಂದು ಪಾಟೀಸವಾಲಿನಲ್ಲಿ ಕೇಳಲೇಬೇಕು. ಕೇಳದಿದ್ದರೆ ಆ ಸಂಗತಿ ದಾಖಲೆಗೆ ಬಾರದು. ದಾಖಲೆಯಲ್ಲಿಲ್ಲದುದನ್ನು ಮೇಲ್ಮನವಿಯಲ್ಲಿ ಎತ್ತಿದರೆ ಬೆಲೆ ಕಡಿಮೆ. ವಿಚಾರಣೆಯಲ್ಲಿಯೂ ಆಪಾದಿತನಿಗೆ ತಿಳಿಯದ ಭಾಷೆಯಲ್ಲಿ ಸಾಕ್ಷ್ಯ ನಡೆದರೆ ಅದನ್ನು ಅವನಿಗೆ ಅನುವಾದಿಸಿ ಹೇಳಬೇಕೆಂಬುದು ದಂಡ ಪ್ರಕ್ರಿಯೆಯ ನಿಯಮವೇ ಆಗಿದೆ.

ಈಗ ಮಾದರಿಯ ವಿಷಯ. ನನ್ನ ಅಭಿಪ್ರಾಯದಲ್ಲಿ ಶಿಕ್ಷೆಗಳು ನಿಜವಾಗಿ ಮುರಿಯುವುದು ಇಲ್ಲಿ. ಝಡತಿಯ ಲೋಪಗಳಿಗೆ ದೊರೆತ ಪ್ರಸಿದ್ಧಿ ಇದಕ್ಕೆ ದೊರೆತಿಲ್ಲ. ೧೯೮೯ರಲ್ಲಿ ಸೇರಿಸಲಾದ ೫೨-ಎ ಕಲಮಿನ ಪ್ರಕಾರ ಅಧಿಕಾರಿಯು ಮಾಲಿನ ಪಟ್ಟಿಯನ್ನು ಸಿದ್ಧಪಡಿಸಿ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಕೊಡಬೇಕು. ಮ್ಯಾಜಿಸ್ಟ್ರೇಟರು ಪಟ್ಟಿಯನ್ನು ದೃಢೀಕರಿಸಬೇಕು. ಅವರ ಸಮಕ್ಷಮದಲ್ಲಿ ಛಾಯಾಚಿತ್ರಗಳನ್ನೂ ಮಾದರಿಗಳನ್ನೂ ತೆಗೆಯಬೇಕು. ಹಾಗೆ ದೃಢೀಕೃತವಾದ ಪಟ್ಟಿ, ಚಿತ್ರ ಮತ್ತು ಮಾದರಿಗಳೇ ಮೂಲ ಸಾಕ್ಷ್ಯವಾಗುತ್ತವೆ. ಉಳಿದ ರಾಶಿಯನ್ನು ನಾಶಪಡಿಸಬಹುದು. ಆದರೆ ಅದೇ ವರ್ಷದ ಇಲಾಖೆಯ ಸ್ಥಾಯೀ ಆದೇಶವು ಜಪ್ತಿಯ ಸ್ಥಳದಲ್ಲಿಯೇ ಮಾದರಿ ತೆಗೆಯಲು ಹೇಳುತ್ತಿತ್ತು. ಈ ಇಬ್ಬಗೆಯಿಂದ ಹುಟ್ಟಿದ ಗೊಂದಲ ಕಾಲು ಶತಮಾನ ನಡೆಯಿತು. ೨೦೧೬ರ ಮೋಹನಲಾಲ್ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ಮಾದರಿ ತೆಗೆಯಬೇಕಾದುದು ಮ್ಯಾಜಿಸ್ಟ್ರೇಟರ ಸಮಕ್ಷಮದಲ್ಲಿ, ಅರ್ಜಿಯನ್ನು ಅನುಚಿತ ವಿಳಂಬವಿಲ್ಲದೆ ಸಲ್ಲಿಸಬೇಕು ಎಂದು ವಿಧಿಸಿತು. ೨೦೨೨ರ ಡಿಸೆಂಬರಿನ ಹೊಸ ನಿಯಮಗಳು ಇದನ್ನೇ ಅಂಗೀಕರಿಸಿವೆ. ೨೦೨೩ರಲ್ಲಿ ಪಂಜಾಬಿನ ಒಂದು ಮೊಕದ್ದಮೆಯಲ್ಲಿ ದಾಳಿಯ ಸ್ಥಳದಲ್ಲಿಯೇ ಮಾದರಿ ತೆಗೆದ ಕಾರಣಕ್ಕಾಗಿ ಶಿಕ್ಷೆ ರದ್ದಾಯಿತು.

ಮಾದರಿಯ ಲೆಕ್ಕಾಚಾರ ಎಷ್ಟರಮಟ್ಟಿಗೆ ಮನುಷ್ಯನ ಹಣೆಬರಹವನ್ನು ಬದಲಿಸಬಲ್ಲದೆಂಬುದಕ್ಕೆ ಗೋವೆಯ ಒಂದು ಹಳೆಯ ಮೊಕದ್ದಮೆ ಒಳ್ಳೆಯ ನಿದರ್ಶನ. ಪರದೇಶದ ಪ್ರವಾಸಿಯೊಬ್ಬನ ಬಳಿ ಚರಸ್ಸಿನ ಎರಡು ತುಂಡುಗಳು ದೊರೆತವು: ಒಂದು ೭ ಗ್ರಾಂ, ಇನ್ನೊಂದು ೫ ಗ್ರಾಂ. ಪರೀಕ್ಷೆಗೆ ಹೋದದ್ದು ಒಂದೇ ತುಂಡು. ಅದರ ತೂಕ ಪ್ರಯೋಗಾಲಯದಲ್ಲಿ ೫ ಗ್ರಾಮಿಗೆ ಕಡಿಮೆಯಿತ್ತು. ಆ ಕಾಲಕ್ಕೆ ಚರಸ್ಸಿನ ಅಲ್ಪ ಪ್ರಮಾಣದ ಎಲ್ಲೆ ೫ ಗ್ರಾಮೇ. ಪರೀಕ್ಷಿಸದ ತುಂಡೂ ಚರಸ್ಸೇ ಇದ್ದೀತೆಂದು ಊಹಿಸುವುದಕ್ಕೆ ಸರ್ವೋಚ್ಚ ನ್ಯಾಯಾಲಯವು ೧೯೯೩ರಲ್ಲಿ ಒಪ್ಪಲಿಲ್ಲ. ಹತ್ತು ವರ್ಷಗಳ ಶಿಕ್ಷೆಯು ಆರು ತಿಂಗಳಿಗೆ ಇಳಿಯಿತು. ಇಂದು ಅನೇಕ ಪೊಟ್ಟಣಗಳ ಪುಡಿಯನ್ನು ಒಂದೆಡೆ ಸುರಿದು ಬೆರೆಸಿ ಅದರಿಂದ ಒಂದೇ ಮಾದರಿ ತೆಗೆದಾಗಲೂ ಏಳುವ ಪ್ರಶ್ನೆ ಇದೇ: ಹತ್ತು ಪೊಟ್ಟಣಗಳಲ್ಲಿ ಹತ್ತೂ ಹೆರಾಯಿನ್ ಆಗಿದ್ದವೋ, ಒಂದರಲ್ಲಿದ್ದುದು ಉಳಿದ ಒಂಬತ್ತರ ಹಿಟ್ಟಿಗೆ ಬೆರೆಯಿತೋ? ಮಿಶ್ರಣದಲ್ಲಿ ಮಾದಕವಲ್ಲದ ಭಾಗದ ತೂಕವನ್ನೂ ಒಟ್ಟಿಗೆ ಎಣಿಸಬೇಕೆಂದು ೨೦೨೦ರಲ್ಲಿ ಮೂವರ ಪೀಠವು ನಿರ್ಣಯಿಸಿದ ಮೇಲಂತೂ ಈ ಪ್ರಶ್ನೆಯ ತೀಕ್ಷ್ಣತೆ ಹೆಚ್ಚಿದೆ. ಬೆರಕೆ ಮಾಡಿದವನು ವ್ಯಾಪಾರಿಯೋ ಠಾಣೆಯವನೋ ಎಂಬುದರ ಮೇಲೆ ಹತ್ತು ವರ್ಷ ನಿಂತಿರುತ್ತದೆ.

ತೂಕ ಮತ್ತು ಮೊಹರು ಪರಸ್ಪರ ಸಾಕ್ಷಿಗಳು. ಪೊಟ್ಟಣಕ್ಕೆ ಅರಗಿನ ಮೊಹರನ್ನೊತ್ತಿದ ಬಳಿಕ ಆ ಮುದ್ರೆಯನ್ನು ಸ್ವತಂತ್ರ ಸಾಕ್ಷಿಯೊಬ್ಬನ ಕೈಗೆ ಕೊಡುವ ಪದ್ಧತಿ ಏಕೆ ಬಂದಿತೆಂದರೆ, ಮುದ್ರೆ ಅಧಿಕಾರಿಯ ಬಳಿಯೇ ಉಳಿದರೆ ಪೊಟ್ಟಣವನ್ನು ಬಿಚ್ಚಿ ಮತ್ತೆ ಮೊಹರು ಮಾಡಲು ಅಡ್ಡಿಯಿರುವುದಿಲ್ಲ. ಮೊಹರಿನ ನಮೂನೆಯನ್ನು ಬೇರೊಂದು ಕಾಗದದಲ್ಲಿ ಪ್ರಯೋಗಾಲಯಕ್ಕೆ ಕಳುಹಿಸಬೇಕು. ಪರೀಕ್ಷಕನು ಎರಡನ್ನೂ ಹೋಲಿಸಿ ‘ಮೊಹರು ಅಖಂಡ, ನಮೂನೆಗೆ ಸರಿಹೊಂದಿದೆ’ ಎಂದು ಬರೆಯಬೇಕು. ೨೦೦೫ರಲ್ಲಿ ವರದಿಯಾದ ಗೋವೆಯ ಇನ್ನೊಂದು ಮೊಕದ್ದಮೆಯಲ್ಲಿ ಪಂಚನಾಮೆಯ ತೂಕಕ್ಕೂ ಪರೀಕ್ಷಕನು ಕಂಡ ತೂಕಕ್ಕೂ ತಾಳೆಯಾಗಲಿಲ್ಲ. ಜಪ್ತಿಯ ಕಥೆಯನ್ನೇ ನಂಬಲಾಗದೆಂದು ನ್ಯಾಯಾಲಯವು ಆಪಾದಿತನನ್ನು ಬಿಟ್ಟಿತು. ಆದರೆ ಹಸಿ ಗಾಂಜಾ ಒಣಗಿದರೆ ತೂಕ ಇಳಿಯುವುದು ಸಹಜವಾದುದರಿಂದ, ಪ್ರತಿಯೊಂದು ವ್ಯತ್ಯಾಸವೂ ವಂಚನೆಯ ಗುರುತಲ್ಲ. ವ್ಯತ್ಯಾಸಕ್ಕೆ ಸಮಾಧಾನವಿದೆಯೆ, ಆ ಸಮಾಧಾನವನ್ನು ಯಾರಾದರೂ ಪ್ರಮಾಣದ ಮೇಲೆ ಹೇಳಿದ್ದಾರೆಯೆ ಎಂಬುದಷ್ಟೇ ಪ್ರಶ್ನೆ.

ಜಪ್ತಿಗೂ ಪರೀಕ್ಷೆಗೂ ನಡುವೆ ಮಾಲು ಇರುವುದು ಠಾಣೆಯ ಮಾಲಖಾನೆಯಲ್ಲಿ. ೫೫ನೆಯ ಕಲಮು ಠಾಣಾಧಿಕಾರಿಯು ಅದನ್ನು ತನ್ನ ಸುಪರ್ದಿಗೆ ತೆಗೆದುಕೊಂಡು ತನ್ನ ಮೊಹರನ್ನೂ ಒತ್ತಬೇಕೆನ್ನುತ್ತದೆ. ೫೭ನೆಯ ಕಲಮು ೪೮ ಗಂಟೆಗಳೊಳಗೆ ಮೇಲಧಿಕಾರಿಗೆ ವರದಿ ಹೋಗಬೇಕೆನ್ನುತ್ತದೆ. ಇಲ್ಲಿ ಮೇಲ್ಮನವಿಯ ವಕೀಲನು ಹುಡುಕಬೇಕಾದುದು ಒಂದು ಸಾಮಾನ್ಯವಾದ ಪುಸ್ತಕವನ್ನು, ಮಾಲಖಾನೆಯ ರಿಜಿಸ್ಟರನ್ನು. ಯಾವ ತಾರೀಖು ಪೊಟ್ಟಣ ಒಳಗೆ ಬಂತು, ಯಾವ ಪೇದೆ ಅದನ್ನು ಪ್ರಯೋಗಾಲಯಕ್ಕೆ ಒಯ್ದ, ಅಲ್ಲಿಯ ರಸೀದಿ ಎಲ್ಲಿ? ರಾಜಸ್ಥಾನದ ಒಂದು ಮೊಕದ್ದಮೆಯಲ್ಲಿ ಈ ರಿಜಿಸ್ಟರನ್ನು ಹಾಜರುಪಡಿಸಲಿಲ್ಲ, ಮೊಹರಿನ ನಮೂನೆಯನ್ನೂ ಪ್ರಯೋಗಾಲಯಕ್ಕೆ ಕಳುಹಿಸಿರಲಿಲ್ಲ. ಬಿಡುಗಡೆಯ ತೀರ್ಪನ್ನು ೨೦೦೫ರಲ್ಲಿ ಸರ್ವೋಚ್ಚ ನ್ಯಾಯಾಲಯವು ಎತ್ತಿಹಿಡಿಯಿತು. ಕೇರಳದ ಮೊಕದ್ದಮೆಯೊಂದರಲ್ಲಿ ಮಾಲು ಪರೀಕ್ಷೆಗೆ ಹೋದದ್ದು ಮೂರು ತಿಂಗಳಿಗೂ ಮೇಲೆ. ವಿಳಂಬಕ್ಕಿಂತಲೂ, ಆ ಕಾಲದಲ್ಲಿ ಅದು ಯಾರ ಬಳಿ ಯಾವ ಸ್ಥಿತಿಯಲ್ಲಿತ್ತೆಂಬುದಕ್ಕೆ ಸಾಕ್ಷ್ಯವಿಲ್ಲದಿರುವುದನ್ನೇ ೧೯೯೩ರಲ್ಲಿ ನ್ಯಾಯಾಲಯವು ದೊಡ್ಡದಾಗಿ ಎಣಿಸಿತು. ಲೋಪವು ಲಂಚದಿಂದಲೇ ಆದುದೆಂದು ತೋರಿಸಬೇಕಾಗಿಲ್ಲ. ಆಲಸ್ಯವೂ ಕೊಂಡಿಯನ್ನು ಕಳಚುತ್ತದೆ.

ಪ್ರಯೋಗಾಲಯದ ಬಗ್ಗೆ ನಮ್ಮವರು ಸಾಮಾನ್ಯವಾಗಿ ಪ್ರಶ್ನೆಯನ್ನೇ ಕೇಳುವುದಿಲ್ಲ. ಸರ್ಕಾರೀ ಪರೀಕ್ಷಕನ ವರದಿಯನ್ನು ಅವನನ್ನು ಕರೆಸದೆಯೇ ಸಾಕ್ಷ್ಯವಾಗಿ ಓದಲು ನಮ್ಮ ಕಾನೂನು ಅವಕಾಶ ಕೊಡುತ್ತದೆ. ಕರೆಸುವ ಅಧಿಕಾರವೂ ನ್ಯಾಯಾಲಯಕ್ಕಿದೆ, ಕೇಳುವವರು ವಿರಳ. ಅಮೆರಿಕದಲ್ಲಿ ೨೦೦೯ರಿಂದ ಪರೀಕ್ಷಕನನ್ನು ಪಾಟೀಸವಾಲಿಗೆ ಒಳಪಡಿಸುವುದು ಆಪಾದಿತನ ಸಂವಿಧಾನಾತ್ಮಕ ಹಕ್ಕೆನಿಸಿದೆ. ಆ ತೀರ್ಪು ಬಂದದ್ದು ಮ್ಯಾಸಚೂಸೆಟ್ಸಿನ ಮೊಕದ್ದಮೆಯಲ್ಲಿ. ಅದೇ ಸಂಸ್ಥಾನದಲ್ಲಿ ಕೆಲವೇ ವರ್ಷಗಳ ಬಳಿಕ ರಾಸಾಯನಿಕ ಪರೀಕ್ಷಕಳೊಬ್ಬಳು ಮಾದರಿಗಳನ್ನು ಪರೀಕ್ಷಿಸದೆಯೇ ವರದಿ ಬರೆಯುತ್ತಿದ್ದುದು ಬಯಲಾಗಿ, ೨೦೧೭ರಲ್ಲಿ ೨೧,೦೦೦ಕ್ಕೂ ಹೆಚ್ಚು ಮಾದಕ ವಸ್ತು ಮೊಕದ್ದಮೆಗಳನ್ನು ವಜಾ ಮಾಡಬೇಕಾಯಿತು.

ಇಷ್ಟನ್ನು ಓದಿದ ವಾಚಕರಿಗೆ, ಕಾಗದದಲ್ಲಿ ಒಂದು ತಪ್ಪು ಕಂಡರೆ ಸಾಕು, ಬಿಡುಗಡೆಯಾದಂತೆಯೇ ಎಂಬ ಭಾವನೆ ಬರಬಹುದು. ಅದು ಸರಿಯಲ್ಲ. ಕಾನೂನಿಗೆ ವಿರುದ್ಧವಾಗಿ ದೊರಕಿಸಿದ ಸಾಕ್ಷ್ಯವನ್ನೂ ಅದು ಪ್ರಸ್ತುತವಾಗಿದ್ದರೆ ಸ್ವೀಕರಿಸಬಹುದೆಂಬುದು ೧೯೫೫ರ ಪ್ರಿವಿ ಕೌನ್ಸಿಲಿನ ತತ್ತ್ವ. ೧೯೭೪ರಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಒಪ್ಪಿತು. ೧೯೬೧ರಲ್ಲಿ ಅಮೆರಿಕದ ನ್ಯಾಯಾಲಯವು ಹಿಡಿದ ದಾರಿ ಇದಕ್ಕೆ ವಿರುದ್ಧವಾದುದು. ನಾವು ಆ ದಾರಿಯನ್ನು ಹಿಡಿಯಲಿಲ್ಲ. ೨೦೦೨ರ ಒಂದು ಮೊಕದ್ದಮೆಯಲ್ಲಿ ಮಹಜರನ್ನು ಸ್ಥಳದಲ್ಲಿ ಬರೆಯದೆ ಕಸ್ಟಮ್ಸ್ ಕಚೇರಿಯಲ್ಲಿ ಬರೆದಿದ್ದರೂ, ಅದರಿಂದ ಆಪಾದಿತನಿಗೆ ಬಾಧಕವಾಗಲಿಲ್ಲವೆಂದು ಶಿಕ್ಷೆ ಉಳಿಯಿತು. ಫಿರ್ಯಾದು ಕೊಟ್ಟ ಅಧಿಕಾರಿಯೇ ತನಿಖೆಯನ್ನೂ ನಡೆಸಿದರೆ ಮೊಕದ್ದಮೆ ಬೀಳುತ್ತದೆಂದು ೨೦೧೮ರಲ್ಲಿ ಹೇಳಲಾಯಿತು. ಎರಡೇ ವರ್ಷಗಳಲ್ಲಿ, ೨೦೨೦ರ ಆಗಸ್ಟಿನಲ್ಲಿ, ಐವರ ಪೀಠವು ಅದನ್ನು ತಳ್ಳಿಹಾಕಿತು. ಅದೇ ವರ್ಷದ ಅಕ್ಟೋಬರಿನಲ್ಲಿ, ೬೭ನೆಯ ಕಲಮಿನ ಕೆಳಗೆ ಅಧಿಕಾರಿಗೆ ಕೊಟ್ಟ ತಪ್ಪೊಪ್ಪಿಗೆಯನ್ನು ಆಪಾದಿತನ ವಿರುದ್ಧ ಬಳಸಕೂಡದೆಂದು ತಮಿಳುನಾಡಿನ ಮೊಕದ್ದಮೆಯಲ್ಲಿ ಬಹುಮತದ ತೀರ್ಪು ಬಂದಿತು. ೫೨-ಎ ಕಲಮಿನ ವಿಷಯದಲ್ಲಿಯೂ ಗಾಳಿ ತುಸು ತಿರುಗಿದೆ. ಆ ಕಲಮಿನ ಲೋಪವೊಂದೇ ಜಾಮೀನಿಗೆ ಆಧಾರವಾಗದೆಂದು ೨೦೨೪ರ ಡಿಸೆಂಬರಿನಲ್ಲಿಯೂ, ಉಳಿದ ಸಾಕ್ಷ್ಯವು ನಂಬಿಕೆ ಹುಟ್ಟಿಸುವಂತಿದ್ದರೆ ಅದೊಂದರಿಂದಲೇ ಶಿಕ್ಷೆ ಬೀಳದೆಂದು ೨೦೨೫ರ ಜನವರಿಯಲ್ಲಿಯೂ ನ್ಯಾಯಾಲಯವು ಹೇಳಿದೆ. ಲೋಪದಿಂದ ಮಾಲಿನ ಗುರುತಿನಲ್ಲಿಯೇ ಸಂಶಯ ಹುಟ್ಟಿತೆಂದು ತೋರಿಸುವುದು ಈಗ ಅವಶ್ಯಕ.

ಈ ಒಲವು ಒಂದು ದೃಷ್ಟಿಯಿಂದ ಯುಕ್ತವೇ. ಮಾದಕ ವ್ಯಾಪಾರದಿಂದ ಹಾಳಾದ ಮನೆಗಳನ್ನು ಬಲ್ಲ ಯಾವನೂ, ಕ್ವಿಂಟಾಲುಗಟ್ಟಲೆ ಮಾಲಿನೊಡನೆ ಸಿಕ್ಕಿಬಿದ್ದವನು ಒಂದು ಸಹಿಯ ಕೊರತೆಯಿಂದ ಪಾರಾಗಲೆಂದು ಬಯಸಲಾರನು. ಆದರೆ ಕ್ವಿಂಟಾಲು ಮಾಲನ್ನು ಯಾರೂ ಜೇಬಿನಿಂದ ತೆಗೆದು ಮತ್ತೊಬ್ಬನ ಚೀಲದಲ್ಲಿ ಇಡಲಾರರು. ೨೬೦ ಗ್ರಾಂ ಪುಡಿಯನ್ನು ಇಡಬಲ್ಲರು. ಎಲ್ಲೆಯ ಆಚೆಗೆ ಹತ್ತು ಗ್ರಾಂ ಮೀರಿದ ಆ ಪೊಟ್ಟಣಕ್ಕೂ ಶಿಕ್ಷೆಯ ಮೆಟ್ಟಿಲು ಅದೇ. ಮೊಹರು, ತೂಕ, ರಿಜಿಸ್ಟರು ಇವುಗಳ ಬಿಗಿ ಬೇಕಾದುದು ಇಂತಹ ಸಣ್ಣ ಪೊಟ್ಟಣಗಳಿಗೆ. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯು ಝಡತಿ ಮತ್ತು ಜಪ್ತಿಗಳನ್ನು ದೃಶ್ಯ-ಶ್ರವಣ ಸಾಧನದಲ್ಲಿ ಮುದ್ರಿಸಬೇಕೆಂದು ವಿಧಿಸಿರುವುದು ಈ ದೃಷ್ಟಿಯಿಂದ ಮಹತ್ತ್ವದ್ದು. ಮುಂದಿನ ಮೇಲ್ಮನವಿಗಳ ವಾದ ಬಹುಶಃ ಆ ಮುದ್ರಣದ ಸುತ್ತಲೇ ನಡೆಯುತ್ತದೆ.

ಕೊನೆಯದಾಗಿ ವ್ಯವಹಾರದ ಮಾತು. ವಿಶೇಷ ನ್ಯಾಯಾಲಯದ ಶಿಕ್ಷೆಯ ಮೇಲೆ ಅಪೀಲು ಹೋಗುವುದು ಉಚ್ಚ ನ್ಯಾಯಾಲಯಕ್ಕೆ. ಅವಧಿ ೬೦ ದಿನ. ತಡವಾದರೆ ಸಕಾರಣ ತೋರಿಸಿ ಮನ್ನಾ ಬೇಡಬಹುದು. ತೀರ್ಪಿನ ಒಂದು ಪ್ರತಿಯನ್ನು ಶಿಕ್ಷಿತನಿಗೆ ಪುಕ್ಕಟೆಯಾಗಿ ಕೊಡಲೇಬೇಕು. ಸೆರೆಮನೆಯಲ್ಲಿರುವವನು ಅಪೀಲಿನ ಅರ್ಜಿಯನ್ನು ಸೆರೆಮನೆಯ ಅಧಿಕಾರಿಯ ಮೂಲಕವೇ ಕಳುಹಿಸಬಹುದು. ೧೯೮೭ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮದ ಪ್ರಕಾರ, ಬಂಧನದಲ್ಲಿರುವವನಿಗೆ ಸರ್ಕಾರದ ಖರ್ಚಿನಲ್ಲಿ ವಕೀಲನನ್ನು ಪಡೆಯುವ ಹಕ್ಕಿದೆ. ಅಪೀಲು ತೀರ್ಮಾನವಾಗುವವರೆಗೆ ಶಿಕ್ಷೆಯನ್ನು ಅಮಾನತಿನಲ್ಲಿಡುವ ಅಧಿಕಾರವನ್ನು ೩೨-ಎ ಕಲಮು ಕಿತ್ತುಕೊಂಡಿತ್ತು. ೨೦೦೦ದಲ್ಲಿ ಮಹಾರಾಷ್ಟ್ರದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಭಾಗವನ್ನು ಸಂವಿಧಾನಬಾಹಿರವೆಂದು ಸಾರಿತು, ಆದರೂ ೩೭ನೆಯ ಕಲಮಿನ ಷರತ್ತುಗಳು ಉಳಿದಿವೆ. ವಕೀಲನನ್ನು ಕಾಣಲು ಹೋಗುವ ಬಂಧುಗಳು ತೀರ್ಪಿನ ಪ್ರತಿಯೊಂದನ್ನೇ ಒಯ್ಯದೆ ಪಂಚನಾಮೆ, ೫೦ನೆಯ ಕಲಮಿನ ಕಾಗದ, ೫೨-ಎ ಅರ್ಜಿ ಮತ್ತು ಮ್ಯಾಜಿಸ್ಟ್ರೇಟರ ಪಟ್ಟಿ, ಮಾಲಖಾನೆ ರಿಜಿಸ್ಟರಿನ ನಕಲು, ಪ್ರಯೋಗಾಲಯದ ರಸೀದಿ ಮತ್ತು ವರದಿ ಇವನ್ನೂ ಕೇಳಿ ಪಡೆದು ಒಯ್ಯಬೇಕು. ತಾರೀಖುಗಳನ್ನೂ ತೂಕಗಳನ್ನೂ ಒಂದೇ ಹಾಳೆಯಲ್ಲಿ ಸಾಲಾಗಿ ಬರೆದಿಟ್ಟುಕೊಂಡರೆ ವಕೀಲನ ಅರ್ಧ ಕೆಲಸ ಅಲ್ಲಿಯೇ ಆಗಿರುತ್ತದೆ.